ಚಕ್ಕೋತ ಅನ್ನಲು ನಾಚಿಕೆಯೆ?

ಪುಣೆಯ ಕನ್ನಡಿಗರ ಮನೆಗಳಲ್ಲಿ ಬಿಯರಿಗೆ ಮುಚ್ಚಿಡುವ ಹೆಸರುಗಳು ಬೇಕಾದಷ್ಟಿವೆ: ಗುಂಡು, ಎಣ್ಣೆ, ತೀರ್ಥ. ಅದರ ರುಚಿ ಹೇಳುವ ಮಾತು ಮಾತ್ರ ಒಂದೂ ಇಲ್ಲ. ಬದನೆಕಾಯಿ ಎಣ್ಣೆಗಾಯಿ ಬಗ್ಗೆ ಅರ್ಧ ತಾಸು ಕನ್ನಡದಲ್ಲಿ ಮಾತಾಡುವವರು ಬಿಯರಿನ ಲೋಟ ಮುಂದೆ ಬಂದ ಕೂಡಲೇ ‘ಫ್ರೂಟಿ’, ‘ಹಾಪಿ’ ಅಂದು ಕೈತೊಳೆದುಕೊಳ್ಳುತ್ತಾರೆ. ನನ್ನ ತಕರಾರು ಇದರ ಮೇಲೆ.

ಬಿಯರು ಈ ಊರಿಗೆ ಪರಕೀಯವಾಗಿ ಉಳಿದಿಲ್ಲ. 2009ರಲ್ಲಿ ‘ಡೂಲಾಲಿ’ಯವರು ಇಲ್ಲೇ ತಯಾರಿಸಿ ಇಲ್ಲೇ ಹೊಯ್ದುಕೊಡಲು ಶುರುಮಾಡಿದರು. 2014ರಲ್ಲಿ ಮುಂಢ್ವಾದಲ್ಲಿ ಇಂಡಿಪೆಂಡೆನ್ಸ್ ಬ್ರೂಯಿಂಗ್ ಕಂಪನಿ ಬಂತು, ಆಮೇಲೆ ಇನ್ನೂ ಕೆಲವು. (ಡೂಲಾಲಿ ಅನ್ನುವ ಇಂಗ್ಲಿಷ್ ಪದ ಹುಟ್ಟಿದ್ದು ನಾಸಿಕದ ಹತ್ತಿರದ ದೇವಳಾಲಿಯಲ್ಲಿ. ಊರಿಗೆ ಹೋಗುವ ಹಡಗಿಗಾಗಿ ಆ ಛಾವಣಿಯಲ್ಲಿ ಕಾದು ಕಾದು ತಲೆಕೆಟ್ಟ ಬಿಳಿ ಸಿಪಾಯಿಗಳಿಂದ ಬಂದದ್ದು. ಊರು ಬಿಟ್ಟವರ ಪುಸ್ತಕದಲ್ಲಿ ಇದನ್ನು ಹೇಳದೆ ಬಿಡಲಾರೆ.)

ಹೋದ ತಿಂಗಳು ಅಣ್ಣನ ಮಗನ ಜೊತೆ ಇಲ್ಲಿಯದೇ ಒಂದು ಬ್ರೂವರಿಯ ಪೇಲ್ ಏಲ್ ಕುಡಿದೆ. ಹುಡುಗ ಹಿಂಜೆವಾಡಿಯಲ್ಲಿ ಕೆಲಸ ಮಾಡುತ್ತಾನೆ, ಹುಟ್ಟಿ ಬೆಳೆದದ್ದೂ ಪುಣೆಯಲ್ಲೇ. ಮೇಜಿನ ಮೇಲಿನ ಕಾರ್ಡು ಓದಿ, “ಕಾಕಾ, ಗ್ರೇಪ್‌ಫ್ರೂಟ್, ಪೈನ್ ಎಲ್ಲಾ ಬರ್ತದ ನೋಡ್ರಿ” ಅಂದ. “ಗ್ರೇಪ್‌ಫ್ರೂಟ್ ಯಾವಾಗ ತಿಂದೀಯೋ?” ಅಂದೆ. ತಿಂದಿರಲಿಲ್ಲ. ಲೋಟ ತಂದಿಟ್ಟ ಮರಾಠಿ ಹುಡುಗ ಮಾತ್ರ ಯಾವ ಸಂಕೋಚವೂ ಇಲ್ಲದೆ “ಪಪನಸ್” ಅಂದುಬಿಟ್ಟ. ಪಪನಸ್ ಅಂದರೆ ನಮ್ಮ ಚಕ್ಕೋತ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ದೇವನಹಳ್ಳಿಯಲ್ಲಿ ತಾಯಿಯನ್ನೇ ಬೆಳೆಯುವ ನಮಗೆ ಮಗಳ ಇಂಗ್ಲಿಷ್ ಹೆಸರು ಯಾಕೆ ಬೇಕು?

‘ಅದು ಅವರ ಪಾನೀಯ, ಪದ ಅವರದೇ ಇರಲಿ’ ಅನ್ನುವವರಿಗೆ ಒಂದು ಮಾತು ಹೇಳಬೇಕು. ಆ ಲೋಟದಲ್ಲಿ ಹಣ್ಣೇ ಇರಲಿಲ್ಲ. ಇದ್ದದ್ದು ಹಾಪ್ಸ್ ಎಂಬ ಬಳ್ಳಿಯ ಹೂವು, ಭಂಗಿ ಗಿಡದ ಬಳಗದ್ದು. ಅದನ್ನು ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ, ಕಂಪು ಆವಿಯಲ್ಲಿ ಹಾರಿಹೋಗುತ್ತದೆ. ಕಂಪು ಬೇಕಾದರೆ ಕುದಿ ಇಳಿಸುವಾಗ, ಇಲ್ಲವೇ ಹುಳಿತ ಮುಗಿಯುತ್ತ ಬಂದಾಗ ಹಾಕಬೇಕು. ಸಾರು ಇಳಿಸುವಾಗ ಕೊತ್ತಂಬರಿ ಹಾಕಿದ ಹಾಗೆ. ಹೂವಿನ ಎಣ್ಣೆಯಲ್ಲಿರುವ ಮಿರ್ಸೀನ್ ಎಂಬ ಸುಗಂಧದ್ರವ್ಯ ಮಾವಿನಲ್ಲೂ ಇದೆ. ಅಂದಮೇಲೆ ಹಣ್ಣು ಎಲ್ಲಿಂದ ಬಂತು? ಕುಡಿಯುವವನ ನೆನಪಿನಿಂದ. 1972ರಲ್ಲಿ ಬಂದ ಕ್ಯಾಸ್ಕೇಡ್ ತಳಿಯ ಹಾಪ್ಸಿಗೆ ಅಮೆರಿಕದವರು ಗ್ರೇಪ್‌ಫ್ರೂಟ್ ಅಂದರು, ಯಾಕೆಂದರೆ ಬೆಳಗಿನ ತಿಂಡಿಗೆ ಅವರು ಅದನ್ನು ತಿನ್ನುತ್ತಾರೆ. ಅವರ ಅಡುಗೆಮನೆಯ ನೆನಪನ್ನು ನಾವು ಕಾರ್ಡಿನಿಂದ ಓದಿ ನಮ್ಮದೆಂದು ಹೇಳುತ್ತಿದ್ದೇವೆ. ಬ್ಯಾಂಕಿನಲ್ಲಿ ಇದಕ್ಕೆ ಬೇರೆಯವರ ಖಾತೆಯ ಚೆಕ್ಕಿಗೆ ಸಹಿ ಹಾಕುವುದು ಅನ್ನುತ್ತಾರೆ.

ಕನ್ನಡಕ್ಕೆ ಇದೆಲ್ಲ ಹೊಸದೇನಲ್ಲ. ನಮ್ಮ ಮಹಾಕಾವ್ಯಗಳಲ್ಲಿ ಇರಬೇಕಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಹತ್ತನೆಯ ಶತಮಾನದ ಪಂಪ ಪಾನಗೋಷ್ಠಿಯನ್ನು ಬಿಡದೆ ಬರೆದ. ಹೆಂಡ ಮುಟ್ಟದ ರಾಜರತ್ನಂ ‘ರತ್ನನ ಪದಗಳು’ ಬರೆದರು. ಕವಿಗಳಿಗಿಲ್ಲದ ಮೈಲಿಗೆ ನಮ್ಮ ಸಂಘದ ಹಿರಿಯರಿಗೆ ಬಂದಿದೆ. “ಏನ್ರೀ, ರಾಜ್ಯೋತ್ಸವದ ಲೇಖನದಾಗ ಬಿಯರ್ ಯಾಕ್ರಿ?” ಅಂತ ಕೇಳಿದರು ಒಬ್ಬರು. ಪ್ರತಿ ಶನಿವಾರ ಕುಡಿಯುವವರೇ ಅವರು.

ಕುಡಿತ ಮನೆ ಹಾಳುಮಾಡುವುದನ್ನು ನಾನು ನೋಡಿಲ್ಲವೆಂದಲ್ಲ. ಸಾಲದ ಕಂತು ಸಾರಾಯಿ ಅಂಗಡಿಗೆ ಹೋದದ್ದನ್ನು ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಕಂಡಿದ್ದೇನೆ. 2007ರಲ್ಲಿ ಕರ್ನಾಟಕ ಸಾರಾಯಿ ನಿಲ್ಲಿಸಿದಾಗ ಸರಿಯಾಯಿತು ಅಂದವರಲ್ಲಿ ನಾನೂ ಒಬ್ಬ. ಕುಡಿಯಿರಿ ಎಂದು ಯಾರಿಗೂ ಹೇಳುತ್ತಿಲ್ಲ. ಕುಡಿಯುವವರು ಬಾಯಲ್ಲಿ ಏನಿದೆಯೆಂದು ತಮ್ಮ ಮಾತಿನಲ್ಲಿ ಹೇಳಲಿ ಅನ್ನುತ್ತೇನೆ, ಅಷ್ಟೆ. ಪೂಜೆ, ಉಪ್ಪಿನಕಾಯಿ, ನವೆಂಬರ್ ಒಂದು, ಇಷ್ಟಕ್ಕೆ ಮಾತ್ರ ಕನ್ನಡ. ಹೊಸದಾಗಿ ಬಾಯಿಗೆ ಬಂದದ್ದಕ್ಕೆಲ್ಲ ಇಂಗ್ಲಿಷ್ ಅಂತ ಪರವೂರಿನಲ್ಲಿ ನಾವೇ ಭಾಗ ಮಾಡಿ ಕೊಟ್ಟರೆ ಮಕ್ಕಳನ್ನು ಯಾವ ಬಾಯಿಂದ ಬೈಯೋಣ?

ಅವತ್ತು ಕಾರ್ಡಿನ ಹಿಂಬದಿಗೆ ನಾನು ಬರೆದದ್ದು ಹೀಗಿದೆ: “ಬಣ್ಣ ಹೊಸ ಜೇನಿನದು. ಮೂಗಿಗೆ ಮೊದಲು ಚಕ್ಕೋತದ ಸಿಪ್ಪೆ, ಹಿಂದೆಯೇ ಮಾವಿನ ತೊಟ್ಟು ಮುರಿದಾಗಿನ ಸೊನೆಯ ಘಾಟು. ನಾಲಿಗೆ ಮೇಲೆ ಹುರಿದ ಗೋಧಿಯ ಸಿಹಿ ತುಸು. ಆಮೇಲೆ ಮೆಂತ್ಯದ ಕಹಿ, ಬೇಗ ಬಿಡುವುದಿಲ್ಲ. ಕೊನೆಗೆ ನೇರಳೆ ತಿಂದಂಥ ಒಗರು.”

ಅಣ್ಣನ ಮಗ ಎರಡು ಸಲ ಓದಿದ. “ಛಲೋ ಅದ ಕಾಕಾ. ಆದ್ರ ಸೊನೆ ಅಂದ್ರ ಏನು?” ಅಂದ.