ಒಂದು ಹಿಡಿ ಚಿಪ್ಪು, ಒಂದು ಲಾರಿ ಮರಳು

ಡಿಸೆಂಬರ್ ಬಂತೆಂದರೆ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಸುತ್ತಿನ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಜೋಗ, ಮುರ್ಡೇಶ್ವರ, ಉಡುಪಿ, ಧರ್ಮಸ್ಥಳ: ದಾರಿ ಹೆಚ್ಚೂಕಡಿಮೆ ಅದೇ. ಹಾಗೆ ಹೋಗಿಬಂದ ಮೇಷ್ಟ್ರೊಬ್ಬರು ಈಚೆಗೆ ಹೆಮ್ಮೆಯಿಂದ ಹೇಳಿದರು: “ಹುಡುಗರು ಜೇಬು ತುಂಬ ಚಿಪ್ಪು ತುಂಬ್ಕೊಂಡಿದ್ರು ಸಾರ್. ಬಸ್ ಹತ್ತೋ ಮುಂಚೆ ಎಲ್ಲಾ ಸುರಿಸಿಬಿಟ್ಟೆ. ಪ್ರಕೃತಿಯಿಂದ ಫೋಟೊ ಬಿಟ್ಟು ಏನೂ ತರಬಾರದು.” ಮೇಷ್ಟ್ರು ಒಳ್ಳೆಯವರು, ಮಾತು ಅವರದಲ್ಲ. ಕಡಲ ದಂಡೆಯ ಫಲಕಗಳಲ್ಲಿ, ರೆಸಾರ್ಟುಗಳ ಗೋಡೆಯಲ್ಲಿ, ರಜೆಗೆ ಹೋಗಿಬಂದ ನಗರದವರ ಬಾಯಲ್ಲಿ ಈಗ ಅದೇ ಮಾತು ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ, ಪಾಲಿಸಲು ಖರ್ಚಿಲ್ಲ. ಅದು ಜನಪ್ರಿಯವಾಗಿರುವುದೂ ಅದಕ್ಕೇ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಅಲೆ ತಂದು ಎಸೆದ ಖಾಲಿ ಚಿಪ್ಪನ್ನು ಒಂದು ಮಗು ಒಂದು ಹಿಡಿ ಹೆಕ್ಕಿ ತಂದರೆ ತಪ್ಪಿಲ್ಲ. ಅದನ್ನು ಸುರಿಸಿದರೆ ಮಗುವಿಗೆ ನಷ್ಟ, ಕಡಲಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಕಡಲಿಗೆ ಕೇಡಾಗುತ್ತಿರುವುದು ಚಿಪ್ಪನ್ನು ಸರಕು ಮಾಡಿಕೊಂಡವರಿಂದ. ಅವರ ತಂಟೆಗೆ ಹೋಗದ ಪರಿಸರಪ್ರೇಮ ಮಗುವಿನ ಜೇಬು ತಡಕುತ್ತದೆ.

ಹಾಗೆಂದು ಎದುರು ಪಕ್ಷದಲ್ಲಿ ಹುರುಳೇ ಇಲ್ಲವೆಂದಲ್ಲ. ಸ್ಪೇನ್ ದೇಶದ ಸಲೋ ಎಂಬ ಪ್ರವಾಸಿ ಊರಿನ ಕಡಲ ದಂಡೆಯೊಂದರಲ್ಲಿ ಕೊವಾಲೆವ್‌ಸ್ಕಿ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಚಿಪ್ಪುಗಳನ್ನು ಎಣಿಸಿದರು. 1978ರಿಂದ 81ರವರೆಗಿನ ಲೆಕ್ಕವನ್ನು 2008ರಿಂದ 2010ರವರೆಗಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಚಿಪ್ಪುಗಳು ಶೇ. 60ಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು. ಅದೇ ಅವಧಿಯಲ್ಲಿ ಪ್ರವಾಸಿಗರು ಸುಮಾರು ಮೂರು ಪಟ್ಟಾಗಿದ್ದರು. 2014ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಒಬ್ಬರು ಒಂದೇ ಹಿಡಿ ತಂದರೂ ಲಕ್ಷ ಜನ ತಂದರೆ ಲಕ್ಷ ಹಿಡಿ ಎಂಬ ವಾದಕ್ಕೆ ಇದು ಗಟ್ಟಿ ಆಧಾರ. ಖಾಲಿ ಚಿಪ್ಪು ಎಂದರೆ ಯಾರಿಗೂ ಬೇಡದ್ದು ಎಂದುಕೊಳ್ಳುವುದೂ ತಪ್ಪು. ಸನ್ಯಾಸಿ ಏಡಿಗೆ ತನ್ನದೇ ಚಿಪ್ಪಿಲ್ಲ. ಸತ್ತ ಶಂಖದ ಹುಳುವಿನ ಸುರುಳಿ ಚಿಪ್ಪಿನೊಳಗೆ ತನ್ನ ಮೆತ್ತನೆಯ ಹೊಟ್ಟೆಯ ಭಾಗವನ್ನು ಹುದುಗಿಸಿ, ಬೆಳೆದಂತೆಲ್ಲ ದೊಡ್ಡ ಮನೆ ಹುಡುಕುತ್ತ ಅಲೆಯುತ್ತದೆ. ಚಿಪ್ಪು ಸಿಗದ ಕಡೆ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವನ್ನೇ ಹೊತ್ತು ತಿರುಗುವ ಏಡಿಗಳ ಚಿತ್ರಗಳನ್ನು ಓದುಗರು ನೋಡಿರಬಹುದು. ಚಿಪ್ಪಿಗೆ ಪಾಚಿ ಅಂಟುತ್ತದೆ, ಪುಟ್ಟ ಜೀವಿಗಳು ಕಚ್ಚಿಕೊಳ್ಳುತ್ತವೆ, ಪುಡಿಯಾದದ್ದು ಮರಳಾಗಿ ದಂಡೆಯನ್ನು ಹಿಡಿದಿಡುತ್ತದೆ, ಕರಗಿದ್ದು ಸುಣ್ಣವಾಗಿ ನೀರಿಗೆ ವಾಪಸಾಗುತ್ತದೆ. ಇದೆಲ್ಲ ನಿಜ, ನಾನು ಒಪ್ಪುತ್ತೇನೆ.

ಆದರೆ ಅದೇ ಅಧ್ಯಯನವನ್ನು ಪೂರ್ತಿ ಓದಬೇಕು. ಅದು ದೂರುವುದು ಜನರ ಕೈಯನ್ನಷ್ಟೇ ಅಲ್ಲ. ದಂಡೆಯನ್ನು ನುಣುಪು ಮಾಡಲು ಓಡಿಸುವ ಯಂತ್ರಗಳನ್ನೂ ಅದು ಹೆಸರಿಸುತ್ತದೆ. ಮೇಲಾಗಿ ಅದು ಪ್ರವಾಸಿಗರಿಂದಲೇ ಬದುಕುವ ದಂಡೆಯ ಕತೆ. ಅದರಿಂದ ಕಲಿಯಬೇಕಾದ್ದು ಜಾಗ ನೋಡಿ ನಿಯಮ ಮಾಡುವುದನ್ನು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪ ಚಿಕ್ಕದು, ಚಿಪ್ಪಿನ ದಂಡೆಗೂ ಹೆಸರಾದದ್ದು, ದೋಣಿಗಟ್ಟಲೆ ಜನ ಇಳಿಯುವ ಜಾಗ. ಅಲ್ಲಿ ಒಂದನ್ನೂ ಹೆಕ್ಕಕೂಡದು ಎಂದು ಕಟ್ಟಪ್ಪಣೆ ಮಾಡಿದರೆ ಮೊದಲು ಕೈಯೆತ್ತುವವನು ನಾನು. ಕಾರವಾರದಿಂದ ಮಂಗಳೂರಿನವರೆಗೆ ಮುನ್ನೂರು ಕಿಲೋಮೀಟರ್ ಉದ್ದದ ಇಡೀ ಕರಾವಳಿಗೆ ಒಂದೇ ಮಾತು ಹೊರಿಸಿ ಅದನ್ನು ಧರ್ಮವೆಂದು ಕರೆದರೆ ಮಾತ್ರ ಒಪ್ಪಲಾರೆ.

ಏಕೆಂದರೆ ಚಿಪ್ಪನ್ನು ಕೈಗೆ ತೆಗೆದುಕೊಂಡವರಿಗೆ ಸಿಗುವುದು ಫೋಟೊ ತೆಗೆದವರಿಗೆ ಸಿಗುವುದಿಲ್ಲ. ಮರಳಿನಲ್ಲಿ ಬಿದ್ದ ಕಪ್ಪೆಚಿಪ್ಪುಗಳನ್ನು ಹತ್ತಾರು ಆಯ್ದುಕೊಂಡರೆ ಅವುಗಳಲ್ಲಿ ಒಂದೆರಡಕ್ಕಾದರೂ ಒಂದು ತೂತಿರುತ್ತದೆ. ಮೊಳೆ ಹೊಡೆದಂಥ ಒರಟು ತೂತಲ್ಲ. ಅಕ್ಕಸಾಲಿ ಕೊರೆದಂತೆ ದುಂಡಗೆ, ಹೊರಗೆ ಅಗಲ, ಒಳಕ್ಕೆ ಹೋದಂತೆ ಕಿರಿದು. ಹುಡುಗಿಯರು ಅದಕ್ಕೆ ದಾರ ಪೋಣಿಸಿ ಸರ ಮಾಡುತ್ತಾರೆ. “ಸಾ, ಇದಕ್ಯಾಕೆ ತೂತು ಬಿದ್ದೈತೆ?” ಎಂದು ಒಬ್ಬಳಾದರೂ ಕೇಳಿದಳೆಂದರೆ ಆ ಪ್ರವಾಸದ ದುಡ್ಡು ವಸೂಲಾದಂತೆ. ಅದು ಒಂದು ಕೊಲೆಯ ಗುರುತು. ಮರಳೊಳಗೆ ತೆವಳುವ ಒಂದು ಜಾತಿಯ ಕಡಲ ಬಸವನಹುಳು ಕಪ್ಪೆಚಿಪ್ಪನ್ನು ತಬ್ಬಿ ಹಿಡಿದು, ಹುಳಿ ಸುರಿಸಿ ಸುಣ್ಣವನ್ನು ಮೆತ್ತಗೆ ಮಾಡಿ, ಅರದಂಥ ನಾಲಿಗೆಯಿಂದ ಗಂಟೆಗಟ್ಟಲೆ ಕೊರೆದು, ಒಳಗಿನ ಮಾಂಸವನ್ನು ತಿಂದು ಹೋಗಿರುತ್ತದೆ. ಮೇಷ್ಟ್ರು ತರಗತಿಗೆ ಮರಳಿದ ಮೇಲೆ ಚಿಪ್ಪಿನ ಚೂರಿನ ಮೇಲೆ ನಿಂಬೆಹಣ್ಣು ಹಿಂಡಿ ತೋರಿಸಲಿ; ಸಣ್ಣಗೆ ನೊರೆ ಏಳುತ್ತದೆ. ಆ ಹುಳು ಹುಳಿ ಸುರಿಸಿ ಮಾಡಿದ್ದು ಏನೆಂದು ಮಕ್ಕಳು ತಾವೇ ಹೇಳುತ್ತಾರೆ. ತೂತಿನ ಅಂಚನ್ನು ಬೆರಳಲ್ಲಿ ಸವರಿ ನೋಡುವ ಈ ಪಾಠ ಮೊಬೈಲಿನ ಪರದೆಯಲ್ಲಿ ನಡೆಯುವುದಿಲ್ಲ.

ಕಡಲ ದಂಡೆಯಲ್ಲೇ ಹುಟ್ಟಿದ ಮಗುವಿಗೆ ಚಿಪ್ಪು ಹೆಕ್ಕಿ ಮನೆಗೆ ತರುವ ಅಗತ್ಯವಿಲ್ಲ, ನಾಳೆಯೂ ದಂಡೆ ಅಲ್ಲೇ ಇರುತ್ತದೆ. ನಮ್ಮ ಕಡೆಯ ಸಂಗತಿ ಬೇರೆ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ವೇದಾವತಿ ಮೈತುಂಬಿ ಹರಿದರೆ ಜನ ದಂಡೆಗೆ ಹೋಗಿ ನಿಂತು ನೋಡುವ ಸೀಮೆ ಇದು. ಇಲ್ಲಿಂದ ಮುರ್ಡೇಶ್ವರಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಶೇಂಗಾ ಹೊಲದ ಮನೆಯಿಂದ ಹೊರಟ ಎಷ್ಟೋ ಮಕ್ಕಳಿಗೆ ಆ ಪ್ರವಾಸವೇ ಕಡಲಿನ ಮೊದಲ ದರ್ಶನ, ಕೆಲವರಿಗೆ ಬಹುಕಾಲದವರೆಗೆ ಕೊನೆಯದೂ ಹೌದು.

ಒಳನಾಡಿನವರಿಗೆ ಕಡಲಿನ ಒಂದು ತುಣುಕನ್ನು ಹತ್ತಿರ ಇಟ್ಟುಕೊಳ್ಳುವ ಆಸೆ ಇಂದಿನದಲ್ಲ. ಪರಶುರಾಂಪುರದಿಂದ ಉತ್ತರಕ್ಕೆ, ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಎಲ್ಲರೂ ಬಲ್ಲದ್ದು ಅಶೋಕನ ಶಾಸನದಿಂದ, ಬಿ.ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅದೇ ಬೆಟ್ಟದ ಬುಡದಲ್ಲಿ ಅಗೆಸಿ, ದೊಡ್ಡ ದೊಡ್ಡ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಹಳೆಯ ಗೋರಿಗಳನ್ನು ತೆರೆಸಿದರು. ಬ್ರಹ್ಮಗಿರಿಯ ಅಂಥ ಒಂದು ಗೋರಿಯಲ್ಲಿ ಅಸ್ಥಿಯ ಜೊತೆ ಸಿಕ್ಕ ವಸ್ತುಗಳ ಪಟ್ಟಿ ಎನ್‌ಸಿಇಆರ್‌ಟಿಯ ಆರನೇ ತರಗತಿಯ ಹಳೆಯ ಇತಿಹಾಸ ಪುಸ್ತಕದಲ್ಲೂ ಬಂದಿತ್ತು: 33 ಚಿನ್ನದ ಮಣಿ, 2 ಕಲ್ಲಿನ ಮಣಿ, 4 ತಾಮ್ರದ ಬಳೆ, ಒಂದು ಶಂಖ. ಬೇರೆ ಅಸ್ಥಿಗಳ ಜೊತೆ ಇದ್ದದ್ದು ಕೆಲವು ಮಡಕೆಗಳು ಮಾತ್ರ. ಎರಡು ಸಾವಿರ ವರ್ಷಕ್ಕೂ ಹಿಂದೆ, ಯಾವ ದಿಕ್ಕಿನ ಕಡಲೂ ಹತ್ತಿರವಿಲ್ಲದ ಈ ಕುರುಚಲು ಗುಡ್ಡದ ಬುಡದಲ್ಲಿ, ಚಿನ್ನದ ಪಕ್ಕಕ್ಕೆ ಇಡುವಷ್ಟು ಬೆಲೆಯುಳ್ಳದ್ದೆಂದು ಒಂದು ಶಂಖವನ್ನು ಬಗೆದಿದ್ದರು. ಆಮೇಲೂ ಕಡಲು ನಮ್ಮಲ್ಲಿಗೆ ಬರುತ್ತಲೇ ಇತ್ತು. ಶನಿವಾರ ಬಾಗಿಲಿಗೆ ಬರುವ ದಾಸಯ್ಯನ ಕೈಯಲ್ಲಿ ಜಾಗಟೆಯ ಜೊತೆ ಶಂಖ, ಜೋಗಮ್ಮನ ಕೊರಳಲ್ಲಿ ಕವಡೆ ಸರ, ಜಾತ್ರೆಯ ದಿನ ಎತ್ತಿನ ಕೊರಳಲ್ಲೂ ಅದೇ ಕವಡೆ, ಜಗಲಿಯ ಮೇಲೆ ಚೌಕಾಬಾರ. ಆ ಕವಡೆಗಳಲ್ಲಿ ಬಹುಪಾಲು ಹಿಂದೆ ಮಾಲ್ಡೀವ್ಸ್ ಕಡೆಯಿಂದ ಹಡಗಿನಲ್ಲಿ ಬಂದು, ದುಡ್ಡಾಗಿ ಚಲಾವಣೆಯಾದ ಸಂತತಿಯವು.

ಬ್ರಹ್ಮಗಿರಿಯ ಶಂಖವನ್ನು ಯಾರೋ ಹೆಕ್ಕಿ ತಂದದ್ದಲ್ಲ, ಕೈಯಿಂದ ಕೈಗೆ ಮಾರಾಟವಾಗಿಯೇ ಬಂದಿರಬೇಕು, ಹಾಗಾದರೆ ವ್ಯಾಪಾರವನ್ನು ನೀವು ಹೇಗೆ ದೂರುತ್ತೀರಿ ಎಂದು ಚುರುಕಾದ ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದೂ ಸರಿಯಾಗುವುದಿಲ್ಲ. ಆ ಗೋರಿಯಿಂದ ನಾನು ತೆಗೆದುಕೊಳ್ಳುವುದು ಇಷ್ಟೇ: ದೂರದ ಕಡಲಿನ ಬಗೆಗಿನ ಕುತೂಹಲ ಒಳನಾಡಿನ ಮನುಷ್ಯನಲ್ಲಿ ಆಳವಾಗಿದೆ, ಅದನ್ನು ದುರಾಸೆ ಎಂದು ಬೈಯುವುದು ಅವಿವೇಕ. ಒಬ್ಬನಿಗೆ ಒಂದು ಶಂಖ ಬಂದ ಕಾಲದ ವ್ಯಾಪಾರ ಬೇರೆ, ಈಗಿನದು ಬೇರೆ.

ಕನ್ಯಾಕುಮಾರಿ, ರಾಮೇಶ್ವರದಂಥ ಕ್ಷೇತ್ರಗಳ ಅಂಗಡಿಸಾಲಿನಲ್ಲಿ ತೂಗುವ ಚಿಪ್ಪಿನ ಪರದೆ, ಚಿಪ್ಪಿನ ಕನ್ನಡಿ ಚೌಕಟ್ಟು, ಹೆಸರು ಬರೆದುಕೊಡುವ ಶಂಖಗಳನ್ನು ಹತ್ತಿರದಿಂದ ನೋಡಿ. ಅವು ಕನ್ನಡಿಯಂತೆ ಮಿನುಗುತ್ತವೆ. ದಂಡೆಯಲ್ಲಿ ಬಿದ್ದ ಚಿಪ್ಪು ಸಾಮಾನ್ಯವಾಗಿ ಹಾಗಿರುವುದಿಲ್ಲ. ಅಲೆಗೆ ಉಜ್ಜಿ, ಬಿಸಿಲಿಗೆ ಬೆಳ್ಳಗಾಗಿ, ಅಂಚು ಮುಕ್ಕಾಗಿರುತ್ತದೆ. ಮಿನುಗಬೇಕಾದರೆ ಜೀವ ಇರುವಾಗಲೇ ಹಿಡಿದು, ಕುದಿಸಿಯೋ ಕೊಳೆಸಿಯೋ ಹುಳುವನ್ನು ತೆಗೆದು, ಆಸಿಡ್‌ನಲ್ಲಿ ತೊಳೆದು, ಎಣ್ಣೆ ಹಚ್ಚಿ ತಿಕ್ಕಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ಹಲವು ಬಗೆಯ ಶಂಖ, ಕವಡೆ, ದೈತ್ಯ ಕಪ್ಪೆಚಿಪ್ಪುಗಳನ್ನು ಸೇರಿಸಿದ್ದು ಈ ವ್ಯಾಪಾರದ ಭಯದಿಂದಲೇ. ಆದರೂ ಮಕ್ಕಳ ಜೇಬಿನಿಂದ ಮುಕ್ಕು ಚಿಪ್ಪು ಸುರಿಸಿದ ಹಿರಿಯರೇ, ಅರ್ಧ ಗಂಟೆಯ ಮೇಲೆ, ಷೋಕೇಸಿಗೆಂದು ಹೊಳೆಯುವ ಶಂಖಕ್ಕೆ ಚೌಕಾಸಿ ಮಾಡುವುದುಂಟು.

ಇನ್ನು ಪ್ರಮಾಣದ ಮಾತು. ಕುಮಟಾದ ಬಳಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಹೆಂಗಸರು ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಎಂಬ ಕಪ್ಪೆಚಿಪ್ಪು ಆರಿಸುತ್ತಾರೆ. ಅದು ಅವರ ಊಟ, ಅವರ ಸಂಪಾದನೆ. ಅದೇ ಅಳಿವೆಯ ತಳದಿಂದ ಸುಣ್ಣಕ್ಕೆಂದು, ಕಾರ್ಖಾನೆಗೆಂದು ಹಳೆಯ ಚಿಪ್ಪಿನ ಹಾಸನ್ನೇ ಬಗೆದು ಸಾಗಿಸಿದ್ದೂ ಇದೆ. ಅಷ್ಟು ದೂರ ಏಕೆ, ನಮ್ಮ ವೇದಾವತಿಯನ್ನೇ ನೋಡಿ. ರಾತ್ರೋರಾತ್ರಿ ಹೊರಟ ಲಾರಿ, ಟ್ರ್ಯಾಕ್ಟರುಗಳು ಹೊಳೆಯ ಮರಳನ್ನು ಕೆರೆದು ಕೆರೆದು ಸಾಗಿಸಿವೆ. ಮರಳು ಹೋದಲ್ಲಿ ನೀರು ಇಂಗುವುದಿಲ್ಲ, ದಂಡೆಯ ಬಾವಿ ಬತ್ತುತ್ತದೆ, ಬೋರ್‌ವೆಲ್ ಇನ್ನೂ ಆಳಕ್ಕಿಳಿಯುತ್ತದೆ, ತೋಟ ಒಣಗುತ್ತದೆ. ಆ ಮರಳಿನಲ್ಲಿ ಎದ್ದ ಮನೆಯಲ್ಲಿ ಕೂತು ‘ಪ್ರಕೃತಿಯಿಂದ ಏನೂ ತರಬಾರದು’ ಎಂದು ಬೋಧಿಸುವವರ ಎದೆಗಾರಿಕೆಗೆ ಏನೆನ್ನಬೇಕು? ಹೊಳೆಯನ್ನೇ ಹೊತ್ತೊಯ್ದವರ ಲಾರಿ ತಡೆಯಲು ಧೈರ್ಯ ಬೇಕು. ಆರನೇ ಕ್ಲಾಸಿನ ಹುಡುಗನ ಜೇಬು ಬರಿದು ಮಾಡಲು ಏನೂ ಬೇಡ. ಇದನ್ನು ನಾನು ಪರಿಸರ ಪ್ರಜ್ಞೆ ಎಂದು ಕರೆಯುವುದಿಲ್ಲ.

ಚಿಪ್ಪು ಮನೆಗೆ ಶುಭವೋ ಅಶುಭವೋ ಎಂದು ಲೆಕ್ಕ ಹಾಕುವವರ ಜೊತೆ ನನಗೆ ವಾದವಿಲ್ಲ. ಆದರೆ ‘ಇಂದು ಚಿಪ್ಪು ಹೆಕ್ಕಲು ಬಿಟ್ಟರೆ ನಾಳೆ ಕಾಡಿನಿಂದ ಬೇರೇನೋ ತರುತ್ತಾರೆ, ಬಾಚಿಕೊಳ್ಳುವ ಚಾಳಿ ಅಂಟುತ್ತದೆ’ ಎನ್ನುವವರಿಗೆ ಉತ್ತರ ಕೊಡಬೇಕು. ಬಾಚುವುದು ಬೇರೆ, ಆಯುವುದು ಬೇರೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಹುಟ್ಟಿದ್ದೇ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ ಗಿಡಗಳ ಮಾದರಿ ಸಂಗ್ರಹಿಸಿದ ಓಡಾಟಗಳಿಂದ. ಆಯಲು ಕೂತವನು ಒಂದಕ್ಕೊಂದನ್ನು ಹೋಲಿಸಬೇಕು, ಬೇಡದ್ದನ್ನು ಬಿಡಬೇಕು, ಹೆಸರು ಹುಡುಕಬೇಕು. ಹೆಸರು ತಿಳಿದ ಮೇಲೆ ಅದರ ಗತಿಯ ಬಗ್ಗೆ ಕಾಳಜಿ ಹುಟ್ಟುತ್ತದೆ. ಕಡಲನ್ನು ಫೋಟೊದ ಹಿನ್ನೆಲೆಯಾಗಿ ಮಾತ್ರ ಕಂಡವರು ಅದು ಹಾಳಾದರೆ ಇನ್ನೊಂದು ಹಿನ್ನೆಲೆ ಹುಡುಕಿಕೊಳ್ಳುತ್ತಾರೆ.

ಆದ್ದರಿಂದ ಮುಂದಿನ ಡಿಸೆಂಬರಿನಲ್ಲಿ ಬಸ್ಸು ಹತ್ತುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟು. ಮಕ್ಕಳು ಚಪ್ಪಟೆ ಚಿಪ್ಪು, ಮುಕ್ಕಾದದ್ದು, ತೂತು ಬಿದ್ದದ್ದು ತರಲಿ, ಒಂದು ಹಿಡಿ ಮೀರದಿರಲಿ. ಇಡಿಯಾದ ಸುರುಳಿ ಚಿಪ್ಪನ್ನು ಏಡಿಗೆ ಬಿಡಿ. ಒಳಗೆ ಜೀವ ಇರುವುದನ್ನು ಮುಟ್ಟಲೇಬೇಡಿ, ಅದರಲ್ಲಿ ವಿಷ ಚುಚ್ಚುವ ಜಾತಿಗಳೂ ಇವೆ. ಬೇಡವೆಂದು ಫಲಕ ಹಾಕಿದ ಕಡೆ ಬೇಡ. ಅಂಗಡಿಯಲ್ಲಿ ಒಂದನ್ನೂ ಕೊಳ್ಳಬೇಡಿ, ಏಕೆ ಕೊಳ್ಳುವುದಿಲ್ಲ ಎಂಬುದನ್ನು ಆ ಅಂಗಡಿಯ ಮುಂದೆಯೇ ಮಕ್ಕಳಿಗೆ ಹೇಳಿ. ಊರಿಗೆ ಬಂದ ಮೇಲೆ ಎಲ್ಲರ ಚಿಪ್ಪನ್ನೂ ಶಾಲೆಯ ಒಂದು ಪೆಟ್ಟಿಗೆಯಲ್ಲಿ ಸೇರಿಸಿ, ಯಾವ ದಂಡೆ, ಯಾವ ತಾರೀಖು ಎಂದು ಚೀಟಿ ಅಂಟಿಸಿ ಇಡಿ; ಮುಂದಿನ ವರ್ಷದ ಮಕ್ಕಳು ಅದನ್ನೇ ಮುಟ್ಟಿ ನೋಡಲಿ, ಹೊಸದಾಗಿ ತರುವ ಅಗತ್ಯವೂ ಕಡಿಮೆಯಾಗುತ್ತದೆ. ಅದೇ ವಾರ ಮಕ್ಕಳನ್ನು ವೇದಾವತಿಯ ದಂಡೆಗೂ ಕರೆದುಕೊಂಡು ಹೋಗಿ, ಮರಳು ಎಲ್ಲಿ ಹೋಯಿತೆಂದು ಅವರು ಕೇಳುವ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಕೊಡಿ.