ಹಗುರಾದ ಆನೆ

ಊರಿನ ನಮ್ಮ ಮನೆಯ ಬಾಗಿಲಿನ ಇಕ್ಕೆಲಗಳಲ್ಲಿ ಎರಡು ಕಲ್ಲಾನೆಗಳಿದ್ದವು. ಮನೆಯನ್ನು ಮಾರಿದಾಗ ಅವೂ ಮನೆಯೊಡನೆಯೇ ಹೋದವು. ಮೈಸೂರಿನ ಮೂರನೆಯ ಅಂತಸ್ತಿನ ಬಾಡಿಗೆಯ ಮನೆಗೆ ಅವನ್ನು ಹೊತ್ತು ತರುವವರಾರು? ತಾಯಿಯವರು ಅಂದು ಏನೂ ಆಡಲಿಲ್ಲ. ಆದರೆ ತಾರಸಿಯ ಕುಂಡಗಳಲ್ಲಿ ದುಂಡುಮಲ್ಲಿಗೆ, ಕನಕಾಂಬರ ಹೂ ಬಿಡತೊಡಗಿದ ಮೇಲೆ, “ಇಲ್ಲೊಂದು ಆನೆ ಇದ್ದಿದ್ದರೆ ಚೆನ್ನಾಗಿತ್ತು ಕಣೋ” ಎಂದು ಒಂದೆರಡು ಸಲ ಅಂದರು.

ಹೀಗಾಗಿ, ಛಂದಸ್ಸನ್ನು ಬೋಧಿಸಿ ಹೊಟ್ಟೆ ಹೊರೆಯುವ ನಾನು ಶಿಲ್ಪಿಯಾಗಲು ಹೊರಟೆ, ಕಲ್ಲಿನಲ್ಲಲ್ಲ, ಥರ್ಮೋಕೋಲಿನಲ್ಲಿ. ಅಲಂಕಾರಕ್ಕೆಂದು ಬಳಸಿ ಬಿಸಾಡುವ ಥರ್ಮೋಕೋಲನ್ನು 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ನಿಷೇಧಿಸಿದೆ. ನ್ಯಾಯವೇ, ಅದು ಮಣ್ಣಿನಲ್ಲಿ ಕೊಳೆಯದು, ಚರಂಡಿಗಳಲ್ಲಿ ತೇಲಿಕೊಂಡಿರುತ್ತದೆ. ಆದುದರಿಂದ ಅಂಗಡಿಯ ಹಾಳೆಗಳ ಗೋಜಿಗೆ ಹೋಗದೆ, ರೆಫ್ರಿಜರೇಟರಿನ ಸುತ್ತ ಇಟ್ಟು ಕಳುಹಿಸಿದ್ದ ತುಂಡುಗಳಲ್ಲಿ ಅರ್ಧವನ್ನು ಮರಗೆಲಸದ ಬಿಳಿಯ ಗೋಂದಿನಿಂದ ಅಂಟಿಸಿದೆ. ಒಣಗಿದ ಬಳಿಕ ಚೂಪಾದ ಚಾಕುವಿನಿಂದ ಕೆತ್ತಿ, ಉಪ್ಪುಕಾಗದದಿಂದ ಉಜ್ಜಿದೆ. ಮನೆಯ ತುಂಬ ಬಿಳಿಯ ಕಾಳುಗಳು ಹಾರಾಡಿದುದನ್ನೂ ನನ್ನಾಕೆ ಪೊರಕೆ ಹಿಡಿದು ನನ್ನತ್ತ ನೋಡಿದ ನೋಟವನ್ನೂ ವರ್ಣಿಸುವ ಶಕ್ತಿ ನನಗಿಲ್ಲ.

ಆನೆಯೇನೋ ಆಯಿತು. ಕಲ್ಲಿನ ಬಣ್ಣ ಬರಲೆಂದು ಡಬ್ಬಿಯಿಂದ ಸಿಂಪಡಿಸುವ ಬಣ್ಣವನ್ನು ತಂದು ಹೊಡೆದೆ. ನೋಡನೋಡುತ್ತಿದ್ದಂತೆ ಸೊಂಡಿಲು ಕುಗ್ಗಿತು, ಕಿವಿ ಕರಗಿತು, ಬೆನ್ನಿನಲ್ಲಿ ಗುಳಿ ಬಿದ್ದಿತು. ಥರ್ಮೋಕೋಲಿನ ಗಾತ್ರದಲ್ಲಿ ಶೇಕಡ 98ರಷ್ಟು ಬರಿಯ ಗಾಳಿ. ಉಳಿದುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ತೆಳ್ಳನೆಯ ಗೋಡೆ. ಥಿನ್ನರು, ಪೆಟ್ರೋಲು, ಅಸಿಟೋನುಗಳು ಆ ಗೋಡೆಯನ್ನು ಕರಗಿಸಿಬಿಡುತ್ತವೆ. ಪಾಲಿಯೆಸ್ಟರ್ ರಾಳವೂ ಅದಕ್ಕೆ ಶತ್ರುವೇ; ಎಪಾಕ್ಸಿ ರಾಳ ಮಾತ್ರ ಏನೂ ಮಾಡದು. ಇದೆಲ್ಲವನ್ನೂ ನಾನು ಓದಿ ತಿಳಿದುದು ಆನೆ ಸತ್ತ ಮೇಲೆ.

ಉಳಿದರ್ಧದಲ್ಲಿ ಇನ್ನೊಂದು ಆನೆಯನ್ನು ಕೆತ್ತಿ, ಈ ಸಲ ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಗಾರೆಯ ಮೇಸ್ತ್ರಿಯನ್ನು ಕರೆತಂದೆ. ಆತ ಆನೆಯನ್ನು ಒಂದೇ ಕೈಯಲ್ಲಿ ಎತ್ತಿ, “ಏನ್ ಸ್ವಾಮಿ, ಇದು ಗಾಳಿಗೆ ಹಾರಿಹೋಗಲ್ವಾ?” ಎಂದ. ಕಾಲುಗಳ ಮೂಲಕ ಕಬ್ಬಿಣದ ಸರಳುಗಳನ್ನು ತೂರಿಸಿ, ಅವುಗಳ ಬುಡವನ್ನು ಕಾಂಕ್ರೀಟಿನ ಪೀಠದಲ್ಲಿ ಹೂಳಿದ. ಬರಿಯ ಸಿಮೆಂಟು ಆ ಮೈಗೆ ಚೆನ್ನಾಗಿ ಹಿಡಿಯದೆಂದು, ಅದಕ್ಕೆ ಅಕ್ರಿಲಿಕ್ ದ್ರವವನ್ನು ಬೆರೆಸಿ ಕುಂಚದಿಂದ ಬಳಿದ. ಮೇಲೆ ಗಾಜಿನ ನಾರಿನ ಬಲೆಯನ್ನು ಸುತ್ತಿ, 1 ಪಾಲು ಸಿಮೆಂಟು, 3 ಪಾಲು ಜರಡಿ ಹಿಡಿದ ಮರಳು ಸೇರಿಸಿದ ಗಾರೆಯನ್ನು ತೆಳುವಾಗಿ ಎರಡು ಸಲ ಮೆತ್ತಿದ. ಬಲೆಯಿಲ್ಲದ ಗಾರೆ ಬಿಸಿಲುಮಳೆಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿಯುತ್ತದೆ, ಇರುವೆಗಳು ಗೂಡು ಕಟ್ಟುತ್ತವೆ. ಬಿಸಿಲಿಗೆ ತೆರೆದುಕೊಂಡ ಥರ್ಮೋಕೋಲು ಹಳದಿಯಾಗಿ ಪುಡಿಪುಡಿಯಾಗುತ್ತದೆ. ಆದಕಾರಣ ಕಿವಿಯ ಹಿಂದೆ, ಹೊಟ್ಟೆಯ ಅಡಿಯಲ್ಲಿ, ಎಲ್ಲಿಯೂ ಬಿಳುಪು ಕಾಣದಂತೆ ಮುಚ್ಚಿಸಿದೆ. ಒಂದು ವಾರ ಒದ್ದೆಗೋಣಿ ಹೊದೆಸಿ ನೀರುಣಿಸಿದವರು ತಾಯಿಯವರು. ಒಣಗಿದ ಮೇಲೆ ಹೊರಗೋಡೆಗೆ ಬಳಿಯುವ, ನೀರಿನಲ್ಲಿ ಕಲಸುವ ಬಣ್ಣ. ಡಬ್ಬಿಯ ಸಹವಾಸ ಸಾಕಾಗಿತ್ತು.

ಅಷ್ಟೇ ಗಾತ್ರದ ಕಲ್ಲಾನೆಯಾಗಿದ್ದರೆ 50 ಕಿಲೋ ತೂಗುತ್ತಿತ್ತು. ಇದು, ಪೀಠವನ್ನು ಬಿಟ್ಟರೆ, ಹತ್ತು ಕಿಲೋ ಇದ್ದೀತು. ಮನೆ ಬದಲಾಯಿಸಿದರೆ ನಮ್ಮೊಡನೆ ಬರುತ್ತದೆ. ಬರಲೇಬೇಕು, ಗಾರೆ ಮೆತ್ತಿದ ಥರ್ಮೋಕೋಲನ್ನು ಎಸೆದರೆ ಅದನ್ನು ಬೇರ್ಪಡಿಸುವವರಿಲ್ಲ, ಅದು ಮೊದಲಿಗಿಂತ ಕೆಟ್ಟ ಕಸ.

ಮೊನ್ನೆ ಸಂಜೆ ತಾಯಿಯವರು ಅದರ ಕುಂಭಸ್ಥಳವನ್ನು ಬೆರಳಿನಿಂದ ತಟ್ಟಿದರು. ಟೊಳ್ಳು ಸದ್ದು ಬಂದಿತು. “ಇದು ನಮ್ಮ ಆನೆಯಲ್ಲ” ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಮಲ್ಲಿಗೆಯ ಕುಂಡವೊಂದನ್ನು ಅದರ ಪಕ್ಕಕ್ಕೆ ಸರಿಸುತ್ತ, “ಇದರ ಜೊತೆಯದು ಯಾವಾಗಲೋ?” ಎಂದು ಕೇಳಿದರು.

ಎದುರುಮನೆಯವರು ಬಟ್ಟೆ ಒಗೆಯುವ ಯಂತ್ರವನ್ನು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅದರ ಪೆಟ್ಟಿಗೆಯ ವಿಷಯವಾಗಿ ಈಗಾಗಲೇ ಮಾತನಾಡಿಟ್ಟಿದ್ದೇನೆ.