ವಾಟ್ಸನ್ ಹೊಟೇಲು: ಉಳಿಸುವುದೆಂದರೆ ಖಾಲಿ ಮಾಡಿಸುವುದಷ್ಟೇ ಅಲ್ಲ

ದಕ್ಷಿಣ ಮುಂಬಯಿಯ ಕಾಲಾಘೋಡಾದಲ್ಲಿ, ನ್ಯಾಯಾಲಯಗಳಿಗೆ ಕೂಗಳತೆಯ ದೂರದಲ್ಲಿರುವ ಎಸ್‌ಪ್ಲನೇಡ್ ಮ್ಯಾನ್ಶನ್ ಎಂಬ ಕಟ್ಟಡವನ್ನು ನೋಡದ ಮುಂಬಯಿಗರು ವಿರಳ. ಆದರೆ ಅದೇ ಒಂದು ಕಾಲದ ವಾಟ್ಸನ್ ಹೊಟೇಲು ಎಂಬುದನ್ನು ಬಲ್ಲವರು ಇನ್ನೂ ವಿರಳ. ಜೀವಾಪಾಯದ ಕಾರಣದಿಂದ 2019ರಲ್ಲಿ ಈ ಕಟ್ಟಡವನ್ನು ತೆರವುಗೊಳಿಸಲಾಯಿತು. ಒಂದೂವರೆ ಶತಮಾನದ ಹಿಂದೆ ನಗರದ ಹೆಮ್ಮೆಯೆನಿಸಿದ್ದ ಹೊಟೇಲಿಗೆ ಈ ಗತಿ ಏಕೆ ಬಂತು ಎಂಬುದು ಎಲ್ಲರೂ ಯೋಚಿಸಬೇಕಾದ ಸಂಗತಿ.

ಜವಳಿ ವ್ಯಾಪಾರಿ ಜಾನ್ ವಾಟ್ಸನ್ ಕಟ್ಟಿಸಿದ ಈ ಹೊಟೇಲಿನ ವಿನ್ಯಾಸ ಇಂಗ್ಲೆಂಡಿನ ಎಂಜಿನಿಯರ್ ರೋಲಂಡ್ ಮೇಸನ್ ಆರ್ಡಿಶ್ ಅವರದು. ಎರಕದ ಕಬ್ಬಿಣದ ಕಂಬ, ತೊಲೆಗಳು ಇಂಗ್ಲೆಂಡಿನಲ್ಲೇ ತಯಾರಾಗಿ, ಹಡಗಿನಲ್ಲಿ ಬಂದು, ಇಲ್ಲಿ ಜೋಡಣೆಗೊಂಡವು. 1860ರ ದಶಕದ ಕೊನೆಯಲ್ಲಿ ನಿರ್ಮಾಣ ನಡೆದು 1871ರಲ್ಲಿ ಹೊಟೇಲು ಆರಂಭವಾಯಿತು. ಭಾರ ಹೊತ್ತದ್ದು ಗೋಡೆಗಳಲ್ಲ, ಕಬ್ಬಿಣದ ಚೌಕಟ್ಟು. ಇಂದಿನ ಬಹುಮಹಡಿ ಕಟ್ಟಡಗಳ ತತ್ತ್ವವೂ ಇದೇ ಎಂಬುದು ಗಮನಾರ್ಹ.

1896ರ ಜನವರಿಯಲ್ಲಿ ಅಮೆರಿಕದ ಸಾಹಿತಿ ಮಾರ್ಕ್ ಟ್ವೇನ್ ಇಲ್ಲಿ ತಂಗಿದ್ದರು. ಇಲ್ಲಿ ಕಂಡ ಕಾಗೆಗಳ ಕಾಟವನ್ನು ತಮ್ಮ ಪ್ರವಾಸ ಕಥನದಲ್ಲಿ ರಸವತ್ತಾಗಿ ಬಣ್ಣಿಸಿದರು. ಅದೇ ವರ್ಷ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಇಲ್ಲಿ ಪ್ರದರ್ಶನಗೊಂಡವು. ಪ್ರವೇಶ ಶುಲ್ಕ ಒಂದು ರೂಪಾಯಿ. ಭಾರತದಲ್ಲಿ ಸಿನಿಮಾ ಕಾಲಿಟ್ಟದ್ದು ಈ ಹೊಟೇಲಿನ ಮೂಲಕ. ಜಮ್‌ಶೇಟ್‌ಜಿ ಟಾಟಾ ಅವರಿಗೆ ಇಲ್ಲಿ ಪ್ರವೇಶ ನಿರಾಕರಿಸಿದ್ದರಿಂದ ಅವರು ತಾಜ್ ಹೊಟೇಲು ಕಟ್ಟಿಸಿದರು ಎಂಬ ಕತೆ ಜನಜನಿತವಾಗಿದ್ದರೂ ಅದಕ್ಕೆ ಗಟ್ಟಿ ದಾಖಲೆಯ ಆಧಾರವಿಲ್ಲ. 1903ರಲ್ಲಿ ತಾಜ್ ತೆರೆದ ಬಳಿಕ ವಾಟ್ಸನ್‌ನ ಮೆರುಗು ಕುಂದಿತೆಂಬುದು ಮಾತ್ರ ನಿಜ.

ಹೊಟೇಲು ಮುಚ್ಚಿದ ಮೇಲೆ ಕೊಠಡಿಗಳು ಹೋಳಾಗಿ ವಕೀಲರ ಕಚೇರಿ, ಅಂಗಡಿ, ವಾಸದ ಖೋಲಿಗಳಾದವು. ಬಾಡಿಗೆ ನಿಯಂತ್ರಣದಿಂದಾಗಿ ನಗರದ ಹಳೆಯ ಕಟ್ಟಡಗಳ ಬಾಡಿಗೆ ದಶಕಗಟ್ಟಲೆ ಏರಲಿಲ್ಲ. 1947ರ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಬರುವ ಬಾಡಿಗೆಯಲ್ಲಿ ದುರಸ್ತಿ ಸಾಧ್ಯವಿಲ್ಲವೆಂದು ಮಾಲಕರು, ಬಿಟ್ಟರೆ ಮರಳಿ ಜಾಗ ಸಿಗದೆಂದು ಬಾಡಿಗೆದಾರರು. ಇಂಥ ಹಗ್ಗಜಗ್ಗಾಟದಲ್ಲಿ ಬಡವಾಗುವುದು ಕಟ್ಟಡವೇ. ಮಳೆನೀರು ಇಳಿದಲ್ಲೆಲ್ಲ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಎರಕದ ಕಬ್ಬಿಣವಾದರೋ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಮುರಿಯುತ್ತದೆ.

2005ರಲ್ಲಿ ಒಂದು ಭಾಗ ಕುಸಿದು ಒಬ್ಬರು ಪ್ರಾಣ ಕಳೆದುಕೊಂಡರು. ಅದೇ ವರ್ಷ ವಿಶ್ವ ಸ್ಮಾರಕ ನಿಧಿಯು ಜಗತ್ತಿನ 100 ಅಪಾಯಗ್ರಸ್ತ ಸ್ಮಾರಕಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. 2018ರಲ್ಲಿ ಮತ್ತೆ ಬಾಲ್ಕನಿಯ ಭಾಗ ಉರುಳಿತು. 2019ರಲ್ಲಿ ಮುಂಬಯಿ ಐಐಟಿಯ ವರದಿ ಕೆಡವುವುದೇ ಲೇಸೆಂದಿತು. ಪರಂಪರೆ ತಜ್ಞರು ದುರಸ್ತಿ ಸಾಧ್ಯವೆಂದು ವಾದಿಸಿದರು.

ಜೀವಕ್ಕಿಂತ ಕಟ್ಟಡ ದೊಡ್ಡದಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಜನರನ್ನು ತೆರವುಗೊಳಿಸಿದ್ದು ಸರಿಯೇ. ಆದರೆ ಅಷ್ಟಕ್ಕೇ ಕರ್ತವ್ಯ ಮುಗಿಯುವುದಿಲ್ಲ. ಬಾಗಿಲು ಹಾಕಿದ ಮನೆ ಬೇಗ ಬೀಳುತ್ತದೆಂಬುದು ಊರಿನಲ್ಲಿ ಹಳೆಮನೆ ಬಿಟ್ಟುಬಂದ ಪ್ರತಿಯೊಬ್ಬನಿಗೂ ಗೊತ್ತು. ತೆರವಿನ ಜೊತೆಗೇ ದುರಸ್ತಿಯ ಗಡುವು, ಖರ್ಚು ಹೊರುವವರು ಯಾರೆಂಬ ತೀರ್ಮಾನ ಮತ್ತು ಹೊರಬಿದ್ದವರಿಗೆ ಮರಳುವ ಲಿಖಿತ ಭರವಸೆ ಇರಬೇಕು. ಇಲ್ಲದಿದ್ದರೆ ಕೆಡವುವ ಕೆಲಸವನ್ನು ಮಳೆಗಾಲವೇ ಮಾಡಿ ಮುಗಿಸುತ್ತದೆ. ಪರಂಪರೆಯ ಪಟ್ಟಿಯಲ್ಲಿ ಹೆಸರು ಬರೆಸಿದರೆ ಸೋರುವ ಮಾಡು ನಿಲ್ಲುವುದಿಲ್ಲ.

ಈ ವಿಷಯ ತುಳು-ಕನ್ನಡಿಗರಿಗೆ ದೂರದ್ದಲ್ಲ. ಮುಂಬಯಿಯ ಹೊಟೇಲು ಉದ್ಯಮದ ಬಹುದೊಡ್ಡ ಅಧ್ಯಾಯ ಬರೆದವರು ಅವರೇ. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ತಲೆಮಾರಿನ ಕತೆ ಆ ಗಲ್ಲಾಪೆಟ್ಟಿಗೆ, ಅಡುಗೆಕೋಣೆಗಳಲ್ಲಿದೆ. 1942ರಲ್ಲಿ ಮಾಟುಂಗದಲ್ಲಿ ಆರಂಭವಾದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂತಹ ಹೆಸರುಗಳು ನಗರದ ಚರಿತ್ರೆಯ ಭಾಗವೇ ಆಗಿವೆ. ಆದರೆ ಮಾಲಕತ್ವ ಬದಲಾಗಿಯೋ, ಕಟ್ಟಡ ಪುನರ್‌ನಿರ್ಮಾಣಕ್ಕೆ ಹೋಗಿಯೋ ಸದ್ದಿಲ್ಲದೆ ಮುಚ್ಚಿದ ಹೊಟೇಲುಗಳು ಅದೆಷ್ಟೋ. ಅವುಗಳ ಫಲಕ, ಲೆಕ್ಕದ ಪುಸ್ತಕ, ಹಳೆಯ ಫೋಟೋಗಳು ಗುಜರಿಗೆ ಹೋದರೆ ಮುಂದಿನ ಪೀಳಿಗೆಗೆ ಹೇಳಲು ದಂತಕತೆಗಳಷ್ಟೇ ಉಳಿಯುತ್ತವೆ.

ವಾಟ್ಸನ್‌ಗೆ ಬಿಳಿಯ ಪ್ರವಾಸಿಗರು ಬರೆದಿಟ್ಟ ದಾಖಲೆಗಳಾದರೂ ಇವೆ. ಉಡುಪಿ ಹೊಟೇಲುಗಳಲ್ಲಿ ತಟ್ಟೆ ತೊಳೆದವರ ಬದುಕನ್ನು ಬರೆದಿಡುವವರು ಯಾರು? ವಾರ್ಷಿಕೋತ್ಸವಗಳಲ್ಲಿ ಹಿರಿಯರಿಗೆ ಶಾಲು ಹೊದಿಸುವ ಸಂಘ-ಸಂಸ್ಥೆಗಳು, ಅದರೊಟ್ಟಿಗೆ ಅವರ ಅನುಭವವನ್ನು ಧ್ವನಿಮುದ್ರಿಸಿ, ಅವರಲ್ಲಿರುವ ಕಾಗದಪತ್ರ, ಫೋಟೋಗಳನ್ನು ಸಂಗ್ರಹಿಸಿಟ್ಟರೆ ಅದು ನಿಜವಾದ ಸನ್ಮಾನವಾದೀತು. ಕಟ್ಟಡ ಉಳಿಸಲು ಕೋಟಿಗಟ್ಟಲೆ ಹಣ ಬೇಕು. ನೆನಪು ಉಳಿಸಲು ಮನಸ್ಸಿದ್ದರೆ ಸಾಕು.